ಬಸವನಹುಳುವಿಗೆ ಹೊಲಿದ ಪರದೆ

ಜನವರಿ 11

ಅಕ್ಕಾ,

ನಮ್ಮ ಬಸವನಹುಳು ಗಾಡಿಯ ಮಂಚ ಮುಗಿಯಿತು. ನಿನ್ನೆ ನಾನೇ ಅದರ ಮೇಲೆ ಮಲಗಿ ನೋಡಿದೆ. ಕಾಲು ಪೂರ್ತಿ ಚಾಚಬಹುದು. ತಲೆ ಎತ್ತದೆಯೇ ಕಿಟಕಿಯ ಹೊರಗೆ ನೋಡಬಹುದು. ಸದ್ಯಕ್ಕೆ ಕಾಣುವುದು ನಮ್ಮ ಹಿತ್ತಲ ಗೋಡೆ ಮತ್ತು ಅದರ ಮೇಲೆ ಒಣಹಾಕಿದ ನೆಲ ಒರೆಸುವ ಬಟ್ಟೆ. ರಸ್ತೆಗಿಳಿದ ಮೇಲೆ ಬೇರೆ ಏನಾದರೂ ಕಂಡೀತು.

ನಾನು ಮಲಗಿದ್ದನ್ನು ಇವಳು ಅಡುಗೆಮನೆ ಬಾಗಿಲಿನಿಂದ ನೋಡಿದಳು. "ಮನೇಲಿರೋ ಮಂಚದ ಕಾಲು ಅಲ್ಲಾಡ್ತಾ ಇದೆ. ಬಡಗಿ ಮನೆ ಮಂಚಕ್ಕೆ ಮೂರೇ ಕಾಲು ಅಂತ ಸುಮ್ನೆ ಹೇಳ್ತಾರಾ," ಎಂದಳು. ಅವಳ ಮಾತು ಮಾತ್ರ ನನಗೆ ಹೇಗೆ ಸ್ಪಷ್ಟವಾಗಿ ಕೇಳುತ್ತದೆಯೋ ತಿಳಿಯದು.

ಇದು ಗುಜರಿ ಅಂಗಡಿಯ ಅಂಗಳದಲ್ಲಿ ಮೂತಿ ನೆಲಕ್ಕೂರಿ ನಿಂತಿದ್ದಾಗ ಹೇಗಿತ್ತು ಎಂದು ನಿನಗೆ ಬರೆದಿದ್ದೆ. ನಾವು ಹುಟ್ಟಿದ ಕಾಲದ ಗಾಡಿ. ಮೊದಲು ಊರೂರು ತಿರುಗಿ ಹಲ್ಲು ಕೀಳುತ್ತಿದ್ದ ವೈದ್ಯನೊಬ್ಬನದಂತೆ. ಇದರಲ್ಲೇ ಕೆಲಸ, ಇದರಲ್ಲೇ ಅಡುಗೆ, ಇದರಲ್ಲೇ ನಿದ್ದೆ. ಕಳೆದ ವಾರ ಹಳೆಯ ಡ್ರಾಯರ್ ಬಿಚ್ಚಿದಾಗ ಸಂದಿಯಲ್ಲಿ ಒಂದು ಹಲ್ಲು ಸಿಕ್ಕಿತು. ಚಿಕ್ಕದು, ಮಗುವಿನದಿರಬೇಕು. ಎಸೆಯಲು ಮನಸ್ಸಾಗಲಿಲ್ಲ. ಮೊಳೆಯ ಡಬ್ಬಿಯಲ್ಲಿಟ್ಟಿದ್ದೇನೆ.

ನೀನು ಮೆಟ್ಟಿಲಿನಿಂದ ಬಿದ್ದು, ಕೂತು ಪ್ರಯಾಣ ಮಾಡಲಾರದವಳಾದ ಮೇಲೆ ನನಗೆ ತೋಚಿದ್ದು ಇದೊಂದೇ. ಮಲಗಿಕೊಂಡೇ ನಮ್ಮ ಮನೆಗೆ ಬರಬಹುದಾದ ಗಾಡಿ. ಆಂಬುಲೆನ್ಸ್ ಮಾಡಿಸೋಣ ಎಂದಾಗ ನೀನು ಹೇಳಿದ್ದು ಮರೆತಿಲ್ಲ: "ತಮ್ಮನ ಮನೆಗೆ ಹೆಣದ ಥರ ಬಂದು ಇಳಿಯಲ್ಲ ಕಣೋ." ನಾನು ಆಡಿದ ಮಾತೂ ಹಾಗೇ ಇದೆ. ಇನ್ನು ನಿನ್ನ ಬಾಗಿಲಿಗೆ ಬಂದರೆ ಈ ಗಾಡಿಯಲ್ಲೇ ಬರುತ್ತೇನೆ.

ಕಿಟಕಿಯ ಅಳತೆ ಹಿಂದುಗಡೆ ಬರೆದಿದ್ದೇನೆ. ಪರದೆ ನಿನ್ನ ಕೈಯದೇ ಆಗಬೇಕು. ಮೊನ್ನೆ ಫೋನ್ ಮಾಡಿದ್ದೆಯಂತೆ. ಗರಗಸದ ಯಂತ್ರ ಕಿವಿ ತಿಂದ ಮೇಲೆ ಫೋನಿನಲ್ಲಿ ನನಗೆ ಜೇನುಹುಳದ ಸದ್ದಿನ ಹೊರತು ಏನೂ ಕೇಳುವುದಿಲ್ಲ. ಬರೆ.

ತಮ್ಮ


ಫೆಬ್ರವರಿ 2

ತಮ್ಮಾ,

ಪರದೆಯನ್ನು ಮಗಳು ಪಾರ್ಸೆಲ್ ಮಾಡಿ ಕಳಿಸಿದ್ದಾಳೆ. ಬಟ್ಟೆ ನೀಲಿಯೂ ಅಲ್ಲ, ಬೂದಿಯೂ ಅಲ್ಲ. ಕೊಳೆ ಕಾಣುವುದಿಲ್ಲ, ಬಿಸಿಲಿಗೆ ಬಿಳಚುವುದಿಲ್ಲ. ಗಾಡಿ ಅಲುಗುವಾಗ ಹಾರಾಡದಿರಲಿ ಎಂದು ಕೆಳಗಿನ ಅಂಚಿನೊಳಗೆ ಸಣ್ಣ ಸರಪಳಿ ಸೇರಿಸಿ ಹೊಲಿದಿದ್ದೇನೆ. ಒಗೆಯುವಾಗ ಬಿಚ್ಚಬೇಕಾಗಿಲ್ಲ ಎಂದು ನಿನ್ನ ಹೆಂಡತಿಗೆ ಹೇಳು.

ಅಳತೆ ಬರೆದು ಕೊನೆಗೆ "ಸುಮಾರು" ಎಂದು ಸೇರಿಸಿದ್ದೀಯ. ಬಡಗಿಗೂ ಸುಮಾರಿಗೂ ಯಾವ ನೆಂಟಸ್ತಿಕೆ? ನಾನಂತೂ ನೀನು ಬರೆದ ಅಳತೆಗೇ ಹೊಲಿದೆ. ಕಿಟಕಿಯೇ ಹೆಚ್ಚುಕಡಿಮೆ ಇದ್ದರೆ ಕಿಟಕಿಯನ್ನು ಸರಿಮಾಡು.

ಒಂದು ಮಾತು ಕೇಳಬೇಕಿತ್ತು. ಮಂಚವನ್ನು ಇನ್ನೊಂದು ಗೇಣು ತಗ್ಗಿಸಲು ಆಗುತ್ತದೆಯೇ? ಎತ್ತರದಿಂದ ಇಳಿಯುವ ವಿದ್ಯೆ ನನಗೆ ಒಲಿದಿಲ್ಲ, ಬೇಕಿದ್ದರೆ ನಮ್ಮ ಮೆಟ್ಟಿಲನ್ನು ಕೇಳು.

ಹೊಲಿಗೆ ಯಂತ್ರ ಸುಮ್ಮನೆ ಜಾಗ ತಿನ್ನುತ್ತಿತ್ತು. ಈ ಪರದೆ ಮುಗಿದ ಮೇಲೆ ಎದುರು ಮನೆಯವಳಿಗೆ ಕೊಟ್ಟುಬಿಟ್ಟೆ. ಅವಳು ರಾತ್ರಿ ಹಗಲು ಅದನ್ನು ಓಡಿಸುತ್ತಾಳೆ. ಗೋಡೆಯ ಆಚೆಯಿಂದ ಸದ್ದು ಕೇಳುತ್ತದೆ. ಬೇರೆಯವರು ಹೊಲಿಯುವಾಗ ಅದಕ್ಕೆ ಇಷ್ಟು ಗಂಟಲಿದೆ ಎಂದು ಗೊತ್ತಾಯಿತು.

ಅಕ್ಕ


ಫೆಬ್ರವರಿ 24

ಅಕ್ಕಾ,

ಪರದೆ ಬಂತು. ಸರಳಿಗೆ ಪೋಣಿಸಿ ಎಳೆದೆ. ಒಂದು ಕೂದಲೆಳೆ ಹೆಚ್ಚಿಲ್ಲ, ಕಡಿಮೆಯಿಲ್ಲ. ಅದನ್ನು ಎಳೆದ ಮೇಲೆ ಒಳಗಿನ ಬೆಳಕು ಸಂಜೆಯಂತಾಯಿತು. ಬಹಳ ಹೊತ್ತು ಅಲ್ಲೇ ಕೂತಿದ್ದೆ. ಊಟಕ್ಕೆ ಕರೆದರೂ ಕೇಳಿಸಲಿಲ್ಲ, ಕಿವಿಯ ನೆಪ ಇದ್ದೇ ಇದೆ.

ಯಂತ್ರ ಕೊಟ್ಟದ್ದು ಒಳ್ಳೆಯದಾಯಿತು. ಬರುವಾಗ ಸಾಮಾನು ಹಗುರ. ಮಂಚ ತಗ್ಗಿಸುತ್ತೇನೆ. ಅದಕ್ಕೆ ಕೆಳಗಿನ ಪೆಟ್ಟಿಗೆಯನ್ನೆಲ್ಲ ಬಿಚ್ಚಬೇಕು, ಆದರೂ ಆಗಲಿ. ನೀನು ಮೊದಲೇ ಹೇಳಿದ್ದರೆ ಮರ ಉಳಿಯುತ್ತಿತ್ತು.

ಪೆಟ್ಟಿಗೆ ಬಿಚ್ಚುವಾಗ ಬಾಗಿಲ ಹತ್ತಿರ ತಗಡು ಸ್ವಲ್ಪ ಬಿಟ್ಟಿರುವುದು ಕಂಡಿತು. ಬೆಸುಗೆ ಹಾಕಿಸಿದರೆ ಆಯಿತು ಎಂದು ಮೂಲೆಯ ಶೆಡ್ಡಿನ ವೆಲ್ಡರನ್ನು ಕರೆಸಿದೆ. ಮಾತಿನ ಮಲ್ಲ. ಗಾಡಿಯ ಕೆಳಗೆ ತೂರಿಕೊಂಡು, ಸ್ಕ್ರೂ ಡ್ರೈವರ್‌ನಿಂದ ಅಲ್ಲಿ ಇಲ್ಲಿ ಚುಚ್ಚಿ, ಮೀಸೆಗೆ ತುಕ್ಕು ಮೆತ್ತಿಕೊಂಡು ಹೊರಬಂದ. ಒಳಗೆ ಹತ್ತಿ ಕಪಾಟುಗಳನ್ನು ಸವರಿ ನೋಡಿದ. ಆಮೇಲೆ ನನ್ನ ಕಿವಿಯ ಹತ್ತಿರ ಬಂದು ಹೇಳಿದ: "ಮನೆ ಕಟ್ಟಿದ್ದೀರಿ ಮೇಸ್ತ್ರೀ. ಗಾಡಿ ಕಟ್ಟೋದು ಮರೆತಿದ್ದೀರಿ."

ಈ ತಗಡಿನವರ ಜಾತಿಯೇ ಹಾಗೆ. ತುಕ್ಕು ಕಾಣದಿದ್ದರೆ ಅವರಿಗೆ ಊಟ ಸೇರುವುದಿಲ್ಲ. ಇನ್ನೊಬ್ಬನನ್ನು ಕರೆಸಿ ನೋಡುತ್ತೇನೆ.

ತಮ್ಮ


ಮಾರ್ಚ್ 30

ತಮ್ಮಾ,

ನಿನ್ನ ವೆಲ್ಡರನ ಮಾತು ಓದಿ ಮಗಳು ನಕ್ಕಳು. ಇನ್ನೊಬ್ಬ ಬಂದನೇ? ಅವನು ಏನು ಹೇಳಿದ?

ನಿನ್ನ ಬುದ್ಧಿ ನನಗೆ ಗೊತ್ತು. ಚಿಕ್ಕಂದಿನಲ್ಲಿ ಗಾಳಿಪಟಕ್ಕೆ ಮೊದಲು ಬಣ್ಣ ಬಳಿಯುತ್ತಿದ್ದೆ, ಕಡ್ಡಿ ಕಟ್ಟುವುದು ಆಮೇಲೆ. ನಾನೂ ಕಡಿಮೆಯಲ್ಲ, ಬಾಲಕ್ಕೆ ಚಿಂದಿ ಆರಿಸುತ್ತ ಕೂರುತ್ತಿದ್ದೆ. ಹಾರಿದ್ದು ಯಾವುದೂ ನೆನಪಿಲ್ಲ.

ಇಲ್ಲಿ ಎಲ್ಲ ಮಾಮೂಲು. ಡಾಕ್ಟರು ಈಗ ಮನೆಗೇ ಬರುತ್ತಾರೆ, ಒಳ್ಳೆಯ ಮನುಷ್ಯ. ಮೂರನೆಯ ಮಹಡಿ ಹತ್ತಿ ಬಂದು, ನನ್ನನ್ನು ನೋಡುವ ಮೊದಲು ತಾನೇ ನೀರು ಕೇಳಿ ಕುಡಿಯುತ್ತಾರೆ. ಮಗಳು ಕೆಲಸ ಮಾಡುವ ಕನ್ನಡಕದ ಅಂಗಡಿ ದೊಡ್ಡದಾಗಿದೆ. ಸಂಜೆ ತಡವಾಗಿ ಬರುತ್ತಾಳೆ. ಹಗಲೆಲ್ಲ ಕಿಟಕಿ ನೋಡುತ್ತೇನೆ. ಎದುರುಗಡೆ ಒಂದು ನೀರಿನ ಟ್ಯಾಂಕ್, ಅದರ ಮೇಲೆ ಒಂದು ಏಣಿ. ಯಾರೂ ಹತ್ತುವುದಿಲ್ಲ.

ಮಂಚಕ್ಕೆ ಒಂದು ಬದಿಯಲ್ಲಿ ತಡೆ ಬೇಕು ಅನ್ನಿಸುತ್ತದೆ. ಕೈ ಹಿಡಿದು ಮಗ್ಗುಲಾಗುವಂಥದ್ದು. ರಸ್ತೆಯಲ್ಲಿ ಗುಂಡಿ ಇರುತ್ತದಲ್ಲ, ಅದಕ್ಕೆ. ಎತ್ತರ ಎಷ್ಟು, ಎಷ್ಟು ದಪ್ಪ, ಮಂಚಕ್ಕೆ ಹೇಗೆ ಕೂರಿಸುತ್ತೀಯ ಎಲ್ಲ ವಿವರವಾಗಿ ಬರೆ. ಚಿತ್ರ ಬರೆದು ಕಳಿಸಿದರೆ ಇನ್ನೂ ಒಳ್ಳೆಯದು.

ಅಕ್ಕ


ಜೂನ್ 9

ಅಕ್ಕಾ,

ಬರೆಯುವುದು ತಡವಾಯಿತು. ಇಲ್ಲಿ ಕೆಲಸ ಹೆಚ್ಚು.

ತಡೆಯ ಚಿತ್ರ ಇದರೊಳಗಿದೆ. ಹಿಡಿ ಗುಂಡಗೆ ಇರಬೇಕು. ಚೌಕವಾದರೆ ಅಂಗೈ ನೋಯುತ್ತದೆ. ಎರಡು ಕಡೆ ಗೂಟ ಇಳಿಸಿ, ಬೇಡವೆಂದಾಗ ಮೇಲಕ್ಕೆ ಎಳೆದು ತೆಗೆಯುವ ಹಾಗೆ ಮಾಡಿದ್ದೇನೆ. ಉಪ್ಪುಕಾಗದ ಹಾಕಿ ಉಜ್ಜಿ ಉಜ್ಜಿ, ಈಗ ಕಣ್ಣು ಮುಚ್ಚಿ ಸವರಿದರೆ ಎಲ್ಲಿ ಮರ ಮುಗಿದು ಎಲ್ಲಿ ಗಾಳಿ ಶುರುವಾಯಿತು ಎಂದು ತಿಳಿಯುವುದಿಲ್ಲ. ಮೊದಲ ಸಲದ ವಾರ್ನಿಶ್ ಒಣಗಿದೆ. ಅಡುಗೆಯ ಕಟ್ಟೆಯ ಅಂಚಿಗೂ ವಾರ್ನಿಶ್ ಹಚ್ಚಿದೆ. ಲೋಟಗಳನ್ನಿಡಲು ಹಲಗೆಯಲ್ಲಿ ಕುಳಿ ಕೊರೆದಿದ್ದೇನೆ, ಗಾಡಿ ಎಷ್ಟು ಕುಣಿದರೂ ಬೀಳಲಾರವು.

ಒಳಗೆ ಕೂತರೆ ಹೊರಗಿನದು ನೆನಪಾಗುವುದಿಲ್ಲ. ಅದು ಈ ಗಾಡಿಯ ಗುಣ.

ಇವಳು ಈಗೀಗ ಗಾಡಿಯ ಬಗ್ಗೆ ಏನೂ ಹೇಳುತ್ತಿಲ್ಲ. ನೆಲ ಒರೆಸುವ ಬಟ್ಟೆಯನ್ನೂ ಆ ಗೋಡೆಯ ಮೇಲೆ ಹಾಕುವುದು ಬಿಟ್ಟಿದ್ದಾಳೆ.

ತಮ್ಮ


ಜುಲೈ 21

ತಮ್ಮಾ,

ಅಕ್ಷರ ಮಗಳದು, ಮಾತು ನನ್ನದು. ನನ್ನ ಕನ್ನಡಕ ಸರಿಹೊಂದುತ್ತಿಲ್ಲ.

ಚಿತ್ರ ಬಂತು. ಬಹಳ ಉಪಯೋಗವಾಯಿತು.

ಗಾಡಿಗೆ ಅವಸರ ಮಾಡಬೇಡ. ಆದರೂ ಸರಿ, ಆಗದಿದ್ದರೂ ಸರಿ. ನಿನ್ನ ಆರೋಗ್ಯ ನೋಡಿಕೋ. ವಾರ್ನಿಶ್ ವಾಸನೆ ಮುಚ್ಚಿದ ಜಾಗದಲ್ಲಿ ಎದೆಗೆ ಒಳ್ಳೆಯದಲ್ಲ.

ಅಕ್ಕ


ಆಗಸ್ಟ್ 3

ಅಕ್ಕಾ,

ಕನ್ನಡಕದ ಅಂಗಡಿಯಲ್ಲಿ ಮಗಳನ್ನಿಟ್ಟುಕೊಂಡು ಕನ್ನಡಕ ಸರಿಯಿಲ್ಲ ಎಂದರೆ ಯಾರು ನಂಬುತ್ತಾರೆ? ನಿನಗೆ ಕೈಯಾರೆ ಬರೆಯಲು ಮನಸ್ಸಿಲ್ಲ ಎಂದೇ ಹೇಳಬಹುದಿತ್ತು.

"ಆಗದಿದ್ದರೂ ಸರಿ." ಈ ಮಾತನ್ನು ಇಲ್ಲಿ ಎಲ್ಲರೂ ಹೇಳುತ್ತಿದ್ದಾರೆ. ನೀನೊಬ್ಬಳು ಹೇಳಿರಲಿಲ್ಲ. ನಿನಗೂ ಸಾಕಾಗಿದೆ ಎಂದು ತಿಳಿಯಿತು. ಕಾದು ಕಾದು ಸಾಕಾದವರನ್ನು ದೂರುವುದು ಹೇಗೆ.

ಎರಡನೆಯ ವೆಲ್ಡರನೂ ಬಂದಿದ್ದ. ನೀನು ಕೇಳಿದ್ದೆ, ನಾನು ಬರೆದಿರಲಿಲ್ಲ. ಅವನು ಮೊದಲಿನವನಂತೆ ಮಾತುಗಾರನಲ್ಲ. ಕೆಳಗೆ ಹೋಗಿ ಬಂದು, ಕೈ ಒರೆಸಿಕೊಂಡು, ತಲೆಯಾಡಿಸಿ ಹೊರಟುಹೋದ. ಆಮೇಲೆ ನಾನೇ ಚಾಪೆ ಹಾಸಿಕೊಂಡು ಕೆಳಗೆ ಮಲಗಿ ನೋಡಿದೆ. ಇಷ್ಟು ಕಾಲ ಒಳಗೆ ಮಲಗಿ ನೋಡಿದ್ದೆ, ಕೆಳಗೆ ಮಲಗಿ ನೋಡಿರಲಿಲ್ಲ. ಚಾಸಿ ಎಂದು ಕರೆಯುವ ಉದ್ದದ ಕಬ್ಬಿಣ ಇರಬೇಕಾದ ಕಡೆ, ಅದರ ಆಕಾರದಲ್ಲಿ ತುಕ್ಕು ಇತ್ತು. ಹೆಬ್ಬೆರಳಲ್ಲಿ ಒತ್ತಿದೆ. ಬೆರಳು ಒಳಗೆ ಹೋಯಿತು.

ಮೇಲೆ ಇರುವುದನ್ನೆಲ್ಲ ಬಿಚ್ಚಿ, ಕೆಳಗಿನದನ್ನು ಹೊಸದಾಗಿ ಮಾಡಬೇಕಂತೆ. ಬಿಚ್ಚಿದರೆ ನನ್ನ ಕೆಲಸ ಉಳಿಯುವುದಿಲ್ಲ. ಬಿಚ್ಚದಿದ್ದರೆ ಅದು ಗಾಡಿಯಲ್ಲ. ನಾನು ಮರದವನು, ಮರ ನೋಡಿದೆ. ನೀನು ಬಟ್ಟೆ ನೋಡಿದೆ. ಕಬ್ಬಿಣವನ್ನು ನೋಡುವವರು ನಮ್ಮ ಮನೆಯಲ್ಲಿ ಹುಟ್ಟಲಿಲ್ಲ.

ಇಷ್ಟು ಹೇಳಿದ ಮೇಲೆ ನೀನು ನಿರಾಳವಾಗಬಹುದು. ಅವಸರ ಮಾಡುವುದಿಲ್ಲ.

ತಮ್ಮ


ಸೆಪ್ಟೆಂಬರ್ 12

ತಮ್ಮಾ,

ಇದೂ ಮಗಳ ಕೈ. ಅವಳಿಗೆ ಹೇಳಿದ್ದೇನೆ, ನಾನು ಹೇಳಿದ್ದನ್ನು ತಿದ್ದದೆ ಬರೆಯಬೇಕು, ಅಳುವುದಾದರೆ ಆಮೇಲೆ ಅಳಬೇಕು ಎಂದು.

ಕನ್ನಡಕ ಸರಿಯಾಗಿದೆ. ಸರಿಯಿಲ್ಲದ್ದು ಕೈ. ಬಿದ್ದಾಗ ಬೆನ್ನಿಗಾದದ್ದು ನಿಧಾನವಾಗಿ ಮೇಲಕ್ಕೆ ಹತ್ತುತ್ತಿದೆ. ಮೊದಲು ಸೂಜಿಗೆ ದಾರ ಪೋಣಿಸಲಾಗಲಿಲ್ಲ, ಆಮೇಲೆ ಪೆನ್ನು, ಈಗ ಲೋಟ. ನಿನ್ನ ಪರದೆ ನಾನು ಹೊಲಿದ ಕೊನೆಯ ಬಟ್ಟೆ. ಅದರ ಒಂದು ಅಂಚಿನಲ್ಲಿ ಹೊಲಿಗೆ ಸೊಟ್ಟ ಇದೆ. ನೀನು ನೋಡಲಿಲ್ಲವೋ, ನೋಡಿಯೂ ಬರೆಯಲಿಲ್ಲವೋ.

ಇನ್ನೊಂದು ಇದೆ. ಕಳೆದ ವರ್ಷದ ಕೊನೆಯಲ್ಲೇ ಆಸ್ಪತ್ರೆಯವರು ಬಂದು ನೋಡಿದ್ದರು. ಈ ಕಟ್ಟಡದ ಮೆಟ್ಟಿಲಿನ ತಿರುವಿನಲ್ಲಿ ಮಲಗಿದವರನ್ನು ಮಲಗಿದ ಹಾಗೆ ಇಳಿಸಲು ಆಗುವುದಿಲ್ಲ. ಕೂರಿಸಿ ಇಳಿಸಲು ನಾನು ಅಷ್ಟು ಹೊತ್ತು ಕೂರಲಾರೆ. ನಿನ್ನ ಗಾಡಿ ಸರಿಯಾಗಿದ್ದು ಕೆಳಗೆ ಬಂದು ನಿಂತಿದ್ದರೂ, ನಾನು ಮೇಲಿನಿಂದ ಕೈ ಬೀಸಬೇಕಿತ್ತು. ಈಗ ಅದೂ ಇಲ್ಲ.

ಯಾಕೆ ಹೇಳಲಿಲ್ಲ ಎನ್ನುತ್ತೀಯ. ಮಂಚದ ವಿಷಯ ಬರೆಯುವಾಗ ನಿನ್ನ ಅಕ್ಷರ ನೆಟ್ಟಗಾಗುತ್ತದೆ. ಬೇರೆ ಎಲ್ಲ ಸಾಲು ಕೋಳಿ ಕೆದರಿದ ಹಾಗೆ. ಆ ನೆಟ್ಟಗಿನ ಸಾಲುಗಳನ್ನು ಮಗಳ ಹತ್ತಿರ ಮತ್ತೆ ಮತ್ತೆ ಓದಿಸುತ್ತಿದ್ದೆ.

ಮಂಚ ತಗ್ಗಿಸುತ್ತೇನೆ ಎಂದು ನೀನು ಬರೆದಾಗ ಇಲ್ಲಿಯ ಮಂಚವನ್ನೂ ತಗ್ಗಿಸಿಕೊಂಡೆವು. ನಿನ್ನ ಚಿತ್ರ ತೋರಿಸಿ ಈ ಬೀದಿಯ ಬಡಗಿಯೊಬ್ಬನಿಂದ ತಡೆ ಮಾಡಿಸಿದೆವು. ಗೂಟ ಬಿಗಿಯಾಗಿವೆ. ಹಿಡಿ ಅಷ್ಟು ನಯವಿಲ್ಲ, ಅವನು ಉಪ್ಪುಕಾಗದಕ್ಕೆ ಜಿಪುಣ. ಆದರೂ ಅದನ್ನು ಹಿಡಿದೇ ಮಗ್ಗುಲಾಗುತ್ತೇನೆ. ನೀನು ನನಗಾಗಿ ಮಾಡಿದ್ದು ನನಗೆ ಬಂದು ತಲುಪಿದೆ, ದಾರಿ ಬೇರೆಯಾಯಿತು ಅಷ್ಟೆ.

ನಿನ್ನ ಆಣೆಯನ್ನು ಆ ಹಲ್ಲಿನ ಡಬ್ಬಿಯಲ್ಲಿಡು. ಆ ಗಾಡಿಯನ್ನು ಬಿಡು. ಬಸ್ಸು ಹತ್ತಿ ಬಾ.

ಅಕ್ಕ


ಅಕ್ಟೋಬರ್ 19

ಅಕ್ಕಾ,

ಬಸವನಹುಳು ಇವತ್ತು ಬೆಳಿಗ್ಗೆ ಹೋಯಿತು.

ಗುಜರಿಯವನಿಗೆ ಕೊಡಲು ಕೈ ಬರಲಿಲ್ಲ. ಊರ ಹೊರಗೆ ಸಸಿ ಬೆಳೆಸಿ ಮಾರುವ ಹೆಂಗಸೊಬ್ಬಳು ಬಂದು ನೋಡಿದಳು. ಗಾಡಿ ಓಡಬೇಕಾಗಿಲ್ಲ, ನಿಂತಿದ್ದರೆ ಸಾಕು ಎಂದಳು. ಡ್ರಾಯರುಗಳಲ್ಲಿ ಬೀಜ, ಅಡುಗೆ ಕಟ್ಟೆಯ ಮೇಲೆ ಕುಂಡ, ಮಂಚದ ಮೇಲೆ ಮೊಳಕೆಯ ತಟ್ಟೆಗಳು. ಲೋಟದ ಕುಳಿಗಳನ್ನು ನೋಡಿ, ಸಣ್ಣ ಕುಂಡಕ್ಕೆ ಅಳತೆ ತೆಗೆದ ಹಾಗಿದೆ ಎಂದು ಬಹಳ ಮೆಚ್ಚಿದಳು. ನಾನು ಹೂಂ ಎಂದೆ.

ಮಂಚ ಒಂದನ್ನು ಇಟ್ಟುಕೊಳ್ಳೋಣ ಎಂದುಕೊಂಡೆ. ಮೊದಲ ಸ್ಕ್ರೂ ಸಡಿಲಿಸುತ್ತಲೇ ಗಾಡಿಯ ಗೋಡೆ ನರಳಿತು. ನನಗೇ ಕೇಳಿಸಿತು ಎಂದರೆ ನೋಡು. ಆ ಮೊದಲ ವೆಲ್ಡರ್, ಮಾತಿನ ಮಲ್ಲ, ಕ್ರೇನಿಗೆ ಕೊಂಡಿ ಹಾಕಲು ಬಂದಿದ್ದವನು, ಓಡಿಬಂದು ನನ್ನ ಕೈ ಹಿಡಿದುಕೊಂಡ. ತಗಡು ಮರವನ್ನು ಹೊತ್ತಿಲ್ಲ, ಮರವೇ ತಗಡನ್ನು ಹೊತ್ತು ನಿಂತಿದೆ, ಮಂಚ ತೆಗೆದರೆ ಎಲ್ಲ ಮಡಚಿಕೊಳ್ಳುತ್ತದೆ ಎಂದ. ಮತ್ತೆ ಸ್ಕ್ರೂ ಬಿಗಿದೆ. ನಾನು ಮಾಡಿದ್ದರಲ್ಲಿ ನನಗೆ ಉಳಿಯುವಂಥದ್ದು ಏನೂ ಇರಲಿಲ್ಲ.

ಕ್ರೇನ್ ಎತ್ತಿದಾಗ ನಡು ಬಾಗಿತು. ಕೆಳಗಿನಿಂದ ಕೆಂಪು ಪುಡಿ ಬಹಳ ಹೊತ್ತು ಉದುರಿತು. ಆದರೆ ಮುರಿಯಲಿಲ್ಲ. ಬೀದಿಯ ಜನ ನಿಂತು ನೋಡಿದರು. ಹಿತ್ತಲು ಸೇರಿದ ಮೇಲೆ ಅದು ಮನೆಯ ಮುಂದಿನ ರಸ್ತೆಗೆ ಬಂದದ್ದು ಅದೇ ಮೊದಲ ಸಲ, ಗಾಳಿಯಲ್ಲಿ. ವೆಲ್ಡರ್ ಕೂಗಿ ಹೇಳಿದ್ದು ಕೇಳಿಸಿತು: "ನೋಡಿ ಮೇಸ್ತ್ರೀ, ಹೊರಟಿತು ನಿಮ್ಮ ಸವಾರಿ." ಎಲ್ಲರೂ ನಕ್ಕರು. ನಾನೂ ನಕ್ಕೆ. ಇವಳು ನಗಲಿಲ್ಲ. ಒಳಗೆ ಹೋಗಿ ಬಕೆಟ್ ತಂದು ಆ ಕೆಂಪು ಪುಡಿಗೆ ನೀರು ಹಾಕಿದಳು.

ಹಲ್ಲನ್ನು ಅದರ ಹಳೆಯ ಸಂದಿಯಲ್ಲೇ ಇಟ್ಟೆ. ಪರದೆ ಬಿಚ್ಚಿಕೊಂಡೆ. ಸೊಟ್ಟ ಹೊಲಿಗೆ ಮೊದಲ ದಿನವೇ ಕಂಡಿತ್ತು. ಓಡುವ ಗಾಡಿಯಲ್ಲಿ ಕೂತು ಹೊಲಿದ ಹಾಗಿದೆ ಎಂದುಕೊಂಡೆ. ನೀನು ಯಾವ ಗಾಡಿಯಲ್ಲೂ ಕೂತಿರಲಿಲ್ಲ ಎನ್ನುವುದು ಆ ಹೊತ್ತಿಗೆ ಹೊಳೆಯಲಿಲ್ಲ.

ಮುಂದಿನ ವಾರ ಬಸ್ಸಿನಲ್ಲಿ ಬರುತ್ತೇನೆ.

ತಮ್ಮ


ನವೆಂಬರ್ 8

ಅಕ್ಕಾ,

ಮನೆ ತಲುಪಿದೆ. ಬಸ್ಸಿನಲ್ಲಿ ಕೂತು ಬರುವುದು ಇಷ್ಟು ಸುಲಭ ಎಂದು ಮರೆತೇಹೋಗಿತ್ತು. ಒಂದು ಹಗಲು. ಅಷ್ಟೇ.

ಅಲ್ಲಿ ಇದ್ದಾಗ ಹೇಳಲಾಗದ್ದನ್ನು ಬರೆಯೋಣ ಎಂದು ಕೂತೆ. ನಿನ್ನ ದನಿ ಇಷ್ಟು ಸಣ್ಣದಾಗಿದೆ ಎಂದು ನೀನು ಬರೆದಿರಲಿಲ್ಲ. ನನ್ನ ಕಿವಿ ಇಷ್ಟು ಹೋಗಿದೆ ಎಂದು ನಾನೂ ಬರೆದಿರಲಿಲ್ಲ. ನಡುವೆ ನಿನ್ನ ಮಗಳು ನಿಂತು, ನೀನು ಪಿಸುಗುಟ್ಟಿದ್ದನ್ನು ನನಗೆ ಕೂಗಿ ಹೇಳಿದಳು. ಕೂಗಿದ ಮೇಲೆ ಯಾವ ಮಾತೂ ಆಡಿದ ಹಾಗೆ ಉಳಿಯುವುದಿಲ್ಲ. "ಅಮ್ಮ ಕೇಳ್ತಾ ಇದಾಳೆ, ಅತ್ತೆ ಹೇಗಿದಾರೆ ಅಂತ." ಎದುರು ಮನೆಯ ಹೊಲಿಗೆ ಯಂತ್ರ ನಿಂತಿತಂತೆ, ಯಾರು ಜಗಳವಾಡುತ್ತಿದ್ದಾರೆ ಎಂದು ಕೇಳಲು.

ಅವಳು ಅಂಗಡಿಗೆ ಹೋದ ಮೇಲೆ ನಾವಿಬ್ಬರೇ ಉಳಿದೆವು. ನೀನು ಏನೋ ಹೇಳುತ್ತಲೇ ಇದ್ದೆ. ತುಟಿ ನೋಡಿದೆ, ತಿಳಿಯಲಿಲ್ಲ. ಹತ್ತಿರ ಬಾಗಿದೆ, ಉಸಿರು ಮಾತ್ರ ಸಿಕ್ಕಿತು. ತಲೆಯಾಡಿಸುತ್ತ ಕೂತೆ. ಆಮೇಲೆ ಮಾಡಲು ಏನೂ ತೋಚದೆ, ಜೇಬಿನಲ್ಲಿದ್ದ ಉಪ್ಪುಕಾಗದದ ತುಂಡು ತೆಗೆದು ನಿನ್ನ ಮಂಚದ ಹಿಡಿಯನ್ನು ಉಜ್ಜಿದೆ. ಆ ಬಡಗಿ ನಿಜಕ್ಕೂ ಜಿಪುಣ. ನೀನು ಕೈ ಅದರ ಮೇಲೇ ಇಟ್ಟಿದ್ದೆ, ಹಾಗಾಗಿ ನಿನ್ನ ಬೆರಳುಗಳ ಸುತ್ತ ಉಜ್ಜಬೇಕಾಯಿತು. ಬೆರಳ ಕೆಳಗಿನದು ಹಾಗೇ ಉಳಿದಿದೆ.

ನಾನು ಹೊರಡುವಾಗ, ಬಾಗಿಲ ಹತ್ತಿರ ತಿರುಗಿ ನೋಡಿದಾಗ, ನೀನು ಏನೋ ಅಂದೆ. ಅದೇನು ಎಂದು ಬರೆಸು. ಉಳಿದದ್ದು ಹೋಗಲಿ, ಅದೊಂದು.

ತಮ್ಮ


ಡಿಸೆಂಬರ್ 1

ತಮ್ಮಾ,

ಹೊರಡುವಾಗ ಏನೆಂದೆನೋ ನೆನಪಿಲ್ಲ. ದೊಡ್ಡ ಮಾತೇನೂ ಇರಲಾರದು. ಚಪ್ಪಲಿ ಸರಿಯಾಗಿ ಮೆಟ್ಟಿಕೋ ಎಂದಿರಬೇಕು.

ಹಿಡಿ ನಯವಾಗಿದೆ. ನನ್ನ ಬೆರಳಿದ್ದ ಕಡೆ ಒರಟು ಉಳಿದದ್ದು ಒಳ್ಳೆಯದಾಯಿತು. ಬೆರಳಿಗೆ ಈಗ ಹೆಚ್ಚೇನೂ ತಿಳಿಯುವುದಿಲ್ಲ. ಒರಟು ಸಿಕ್ಕಿದರೆ ಕೈ ಅದರ ಜಾಗದಲ್ಲಿದೆ ಎಂದು ಗೊತ್ತಾಗುತ್ತದೆ.

ನೀನು ತಂದಿಟ್ಟು ಹೋದ ಪರದೆಯನ್ನು ಮಗಳು ನನ್ನ ಕಿಟಕಿಗೆ ಹಾಕಿದಳು. ಗಾಡಿಯ ಕಿಟಕಿಯ ಅಳತೆ, ಇಲ್ಲಿಯ ಕಿಟಕಿಗೆ ಯಾವ ಮೂಲೆಗೂ ಸಾಲದು. ನಗು ಬಂತು. ತೆಗೆಯಲೇ ಎಂದು ಕೇಳಿದಳು, ಇರಲಿ ಎಂದೆ. ಸರಿಯಾಗಿ ನಡುವೆ ತೂಗುತ್ತಿದೆ, ನೀರಿನ ಟ್ಯಾಂಕ್ ಮತ್ತು ಏಣಿಯ ಮೇಲೆ. ಗಾಳಿ ಬಂದರೂ ಅಲುಗುವುದಿಲ್ಲ, ಸರಪಳಿ ಇದೆಯಲ್ಲ.

ಬೆಳಿಗ್ಗೆ ಬೆಳಕು ಪರದೆಯ ನಾಲ್ಕೂ ಕಡೆಯಿಂದ ಒಳಗೆ ಬರುತ್ತದೆ. ಗಾಡಿಯ ಕಿಟಕಿ ಇರಬೇಕಾದ ಜಾಗ ಒಂದು ಮಾತ್ರ ಕತ್ತಲು. ದಿನವೆಲ್ಲ ಅದನ್ನೇ ನೋಡುತ್ತ ಮಲಗಿರುತ್ತೇನೆ.

ಅಕ್ಕ